ಭೂಮಿಯ ವಯಸ್ಸು: ಕ್ರೈಸ್ತ ವಿದ್ವಾಂಸರಲ್ಲಿ ನಡೆದ ಮತಭೇದ

೧

ಯೂರೋಪಿನಲ್ಲಿ ಧರ್ಮಕ್ಕೂ ವಿಜ್ಞಾನಕ್ಕೂ ನಡೆದ ಘರ್ಷಣೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಪಕ್ಷಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಒಂದು ಕಡೆ ಬೈಬಲನ್ನು ಹಿಡಿದ ಪಾದ್ರಿಗಳು. ಮತ್ತೊಂದು ಕಡೆ ಸುತ್ತಿಗೆಯನ್ನು ಹಿಡಿದ ಭೂಗರ್ಭಶಾಸ್ತ್ರಜ್ಞರು. ಭೂಮಿ ಹುಟ್ಟಿ ಆರು ಸಾವಿರ ವರ್ಷಗಳಾದುವೆಂದು ಮೊದಲಿನವರು ಹಟ ಹಿಡಿದರೆಂದೂ, ಎರಡನೆಯವರು ಆ ಅವಧಿಯನ್ನು ಕೋಟಿಗಟ್ಟಲೆ ವರ್ಷಗಳಿಗೆ ವಿಸ್ತರಿಸಿ ಜಯಶೀಲರಾದರೆಂದೂ ಹೇಳುವುದು ವಾಡಿಕೆಯಾಗಿದೆ. ಈ ಚಿತ್ರ ಸರಳವಾದುದು. ಆದುದರಿಂದಲೇ ಜನಪ್ರಿಯವೂ ಆಗಿದೆ. ಆದರೆ ಆ ಕಾಲದ ಬರಹಗಳನ್ನು ಪರಿಶೀಲಿಸಿದಾಗ ಅದು ನಿಲ್ಲತಕ್ಕುದಲ್ಲವೆಂದು ನಮಗೆ ಬೇಗನೆ ಮನವರಿಕೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಇಂಗ್ಲೆಂಡಿನಲ್ಲಿ ಸುತ್ತಿಗೆ ಹಿಡಿದವರಲ್ಲಿ ಅಗ್ರಗಣ್ಯರಾದ ಹಲವರು ತಾವೇ ದೀಕ್ಷೆ ಪಡೆದ ಪಾದ್ರಿಗಳಾಗಿದ್ದರು. ಅವರನ್ನು ವಿರೋಧಿಸಿದವರು ಹೇಗೆ ಬೈಬಲನ್ನು ಆಧಾರವಾಗಿಟ್ಟುಕೊಂಡರೋ ಹಾಗೆಯೇ ಅವರೂ ಇಟ್ಟುಕೊಂಡಿದ್ದರು. ವಿವಾದ ನಡೆದುದು ಚರ್ಚಿನ ಗೋಡೆಯ ಹೊರಗಲ್ಲ, ಒಳಗೆ. ಧರ್ಮಗ್ರಂಥ ಸತ್ಯವೇ ಅಲ್ಲವೇ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಅದನ್ನು ಓದುವ ಕ್ರಮ ಯಾವುದು ಎಂಬುದೇ ಪ್ರಶ್ನೆಯಾಗಿತ್ತು. ಈ ಅಂಶವನ್ನು ಮುಖ್ಯವಾಗಿ ಬ್ರಿಟನ್ನಿನ ಉದಾಹರಣೆಗಳಿಂದ ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಆರು ಸಾವಿರ ವರ್ಷಗಳ ಲೆಕ್ಕ ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು. ಸೃಷ್ಟಿ ಯಾವ ವರ್ಷ ನಡೆಯಿತೆಂದು ಬೈಬಲಿನಲ್ಲಿ ಎಲ್ಲಿಯೂ ಹೇಳಿಲ್ಲ. ಆದಿಕಾಂಡದ ಐದನೆಯ ಮತ್ತು ಹನ್ನೊಂದನೆಯ ಅಧ್ಯಾಯಗಳಲ್ಲಿ ಆದಾಮನಿಂದ ಅಬ್ರಹಾಮನವರೆಗಿನ ವಂಶಾವಳಿಯಿದೆ; ಪ್ರತಿಯೊಬ್ಬ ಮೂಲಪುರುಷನೂ ತನ್ನ ಎಷ್ಟನೆಯ ವಯಸ್ಸಿನಲ್ಲಿ ಮಗನನ್ನು ಪಡೆದನೆಂಬುದೂ ಅಲ್ಲಿ ಉಕ್ತವಾಗಿದೆ. ಈ ಸಂಖ್ಯೆಗಳನ್ನು ಕೂಡಿಸಿ, ಮುಂದೆ ಇಸ್ರೇಲಿನ ಅರಸರ ಆಳ್ವಿಕೆಯ ಕಾಲವನ್ನು ಸೇರಿಸಿ, ಅದನ್ನು ಬಾಬಿಲೋನಿನ ಅಥವಾ ಪರ್ಷಿಯದ ಚರಿತ್ರೆಯಲ್ಲಿ ಕಾಲ ನಿಶ್ಚಿತವಾದ ಒಂದು ಘಟನೆಗೆ ಹೊಂದಿಸಿದರೆ ಸೃಷ್ಟಿಯ ವರ್ಷ ದೊರೆಯುವುದೆಂದು ವಿದ್ವಾಂಸರು ನಂಬಿದ್ದರು.

ಆದರೆ ಈ ಲೆಕ್ಕದಲ್ಲಿಯೇ ಭೇದಗಳಿದ್ದುವು. ಹೀಬ್ರೂ ಪಾಠದ ಪ್ರಕಾರ ಸೇತನು ಹುಟ್ಟಿದಾಗ ಆದಾಮನಿಗೆ ೧೩೦ ವರ್ಷ. ಸೆಪ್ಟುಅಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದದ ಪ್ರಕಾರ ೨೩೦ ವರ್ಷ. ಮುಂದಿನ ಹಲವು ತಲೆಮಾರುಗಳಲ್ಲಿಯೂ ಇಂಥದೇ ವ್ಯತ್ಯಾಸವಿರುವುದರಿಂದ ಸೃಷ್ಟಿಯಿಂದ ಜಲಪ್ರಳಯದವರೆಗಿನ ಅವಧಿ ಹೀಬ್ರೂ ಪಾಠದಲ್ಲಿ ೧೬೫೬ ವರ್ಷಗಳಾದರೆ ಗ್ರೀಕ್ ಪಾಠದಲ್ಲಿ ಅದಕ್ಕಿಂತ ಸುಮಾರು ಆರುನೂರು ವರ್ಷ ಹೆಚ್ಚಾಗುತ್ತದೆ. ಗ್ರೀಕ್ ಪಾಠವನ್ನು ಅನುಸರಿಸಿದ ಬೈಜಾಂಟಿಯಮ್ಮಿನ ಕ್ರೈಸ್ತರು ಸೃಷ್ಟಿಯನ್ನು ಕ್ರಿ. ಪೂ. ೫೫೦೯ಕ್ಕೆ ಒಯ್ದರು. ಹೀಬ್ರೂ ಮೂಲದ ಸಂಖ್ಯೆಗಳನ್ನು ಒಪ್ಪಿದ ಇಂಗ್ಲೆಂಡಿನ ಸನ್ಯಾಸಿ ಬೀಡನು ಎಂಟನೆಯ ಶತಮಾನದಲ್ಲಿ ಅದನ್ನು ಕ್ರಿ. ಪೂ. ೩೯೫೨ಕ್ಕೆ ಇಳಿಸಿದನು. ಐರ್ಲೆಂಡಿನ ಅರ್ಮಾ ಪೀಠದ ಆರ್ಚ್‌ಬಿಷಪ್ ಜೇಮ್ಸ್ ಅಷರನು ೧೬೫೦ರಲ್ಲಿ ಪ್ರಕಟಿಸಿದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಕ್ರಿ. ಪೂ. ೪೦೦೪ನೆಯ ವರ್ಷ, ಅಕ್ಟೋಬರ್ ೨೩ರ ಹಿಂದಿನ ಸಂಜೆ ಎಂದು ನಿರ್ಣಯಿಸಿದನು.

ಅಷರನನ್ನು ಅಪಹಾಸ್ಯ ಮಾಡುವುದು ಸುಲಭ. ಆದರೆ ಆತನು ಮೂಢನಾಗಿರಲಿಲ್ಲ. ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನ ಮರಣದ ವರ್ಷವನ್ನು ಗ್ರೀಕ್ ಖಗೋಳಶಾಸ್ತ್ರಜ್ಞರ ರಾಜಾವಳಿಯ ನೆರವಿನಿಂದ ನಿಶ್ಚಯಿಸಿ, ಅದನ್ನು ಬೈಬಲಿನ ಅರಸುಗಳ ಗ್ರಂಥಕ್ಕೆ ಹೊಂದಿಸಿದ ಆತನ ಕ್ರಮ ಆ ಕಾಲದ ಶ್ರೇಷ್ಠ ಪಾಂಡಿತ್ಯದ ಫಲವಾಗಿತ್ತು. ಖಗೋಳಶಾಸ್ತ್ರಜ್ಞನಾದ ಕೆಪ್ಲರನೂ ಇಂಥ ಲೆಕ್ಕದಲ್ಲಿ ತೊಡಗಿದ್ದನು. ಅನರ್ಥ ಉಂಟಾದುದು ಅಷರನ ಗ್ರಂಥದಿಂದಲ್ಲ, ಅದರ ಬಳಕೆಯಿಂದ. ೧೭೦೧ರಿಂದ ಇಂಗ್ಲಿಷ್ ಬೈಬಲಿನ ಪುಟಗಳ ಅಂಚಿನಲ್ಲಿ ಆತನ ಕಾಲಗಣನೆಯ ಆಧಾರದ ಮೇಲೆ ವರ್ಷಗಳನ್ನು ಮುದ್ರಿಸಲಾಯಿತು. ಅಂಚಿನಲ್ಲಿದ್ದ ವಿದ್ವಾಂಸನ ಅನುಮಾನವನ್ನು ತಲೆಮಾರುಗಳ ಓದುಗರು ಮೂಲದ ವಾಕ್ಯದಷ್ಟೇ ಪವಿತ್ರವೆಂದು ಭಾವಿಸಿದರು.

ಸೃಷ್ಟಿಯ ಆರು ದಿನಗಳ ವಿಷಯದಲ್ಲಿಯೂ ಪ್ರಾಚೀನರಲ್ಲಿ ಏಕಾಭಿಪ್ರಾಯವಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಸೂರ್ಯನು ನಾಲ್ಕನೆಯ ದಿನ ಸೃಷ್ಟನಾದನೆಂದ ಮೇಲೆ ಅದಕ್ಕೆ ಹಿಂದಿನ ಮೂರು ದಿನಗಳ ಹಗಲಿರುಳು ಯಾವ ಬಗೆಯದೆಂದು ಮೂರನೆಯ ಶತಮಾನದ ಆರಿಜೆನನು ಕೇಳಿದ್ದನು. ಆಗಸ್ಟೀನನು ಆ ದಿನಗಳು ನಾವು ಕಾಣುವ ದಿನಗಳಂಥವಲ್ಲವೆಂದೂ, ದೇವರು ಎಲ್ಲವನ್ನೂ ಒಮ್ಮೆಗೇ ಸೃಷ್ಟಿಸಿದನೆಂದೂ ತಿಳಿದಿದ್ದನು. ಆದರೆ ಮಾನವಕುಲಕ್ಕೆ ಆರು ಸಾವಿರ ವರ್ಷ ತುಂಬಿಲ್ಲವೆಂಬುದನ್ನು ಆತನೂ ನಂಬಿದ್ದನು. ದಿನಗಳ ಅರ್ಥವನ್ನು ಸಡಿಲಿಸಿದವರೆಲ್ಲರೂ ಭೂಮಿಯ ವಯಸ್ಸನ್ನು ಹೆಚ್ಚಿಸಿದರೆಂದು ನಾವು ಭ್ರಮಿಸಕೂಡದು.

೩

ಈ ಕಾಲಗಣನೆಗೆ ಮೊದಲ ತೊಡಕು ಬಂದುದು ಶಿಲೆಗಳಿಂದಲ್ಲ, ಅನ್ಯದೇಶಗಳ ಚರಿತ್ರೆಯಿಂದ. ಜೆಸೂಯಿಟ್ ಪಾದ್ರಿ ಮಾರ್ಟೀನೊ ಮಾರ್ಟೀನಿಯು ೧೬೫೮ರಲ್ಲಿ ಪ್ರಕಟಿಸಿದ ಚೀನಾ ಚರಿತ್ರೆಯಲ್ಲಿ ಅಲ್ಲಿಯ ಅರಸರ ಪರಂಪರೆ ಕ್ರಿ. ಪೂ. ೨೯೫೨ರಿಂದ ಆರಂಭವಾಗುತ್ತದೆ. ಅಷರನ ಲೆಕ್ಕದಂತೆ ಜಲಪ್ರಳಯವಾದುದು ಸುಮಾರು ಕ್ರಿ. ಪೂ. ೨೩೫೦ರಲ್ಲಿ. ಲೋಕವೆಲ್ಲ ಮುಳುಗಿಹೋಗಿದ್ದರೆ ಚೀನಾದ ರಾಜವಂಶ ಅವಿಚ್ಛಿನ್ನವಾಗಿ ಮುಂದುವರಿದುದು ಹೇಗೆ? ೧೬೫೯ರಲ್ಲಿ ಐಸಾಕ್ ವೋಸಿಯಸನು ಇದಕ್ಕೆ ಉತ್ತರವಾಗಿ ಸೆಪ್ಟುಅಜಿಂಟಿನ ದೀರ್ಘ ಲೆಕ್ಕವನ್ನೇ ಸ್ವೀಕರಿಸಬೇಕೆಂದು ವಾದಿಸಿದನು. ಬೈಬಲಿನ ಒಂದು ಪಾಠದ ಸಂಕಟಕ್ಕೆ ಇನ್ನೊಂದು ಪಾಠ ಪರಿಹಾರವಾಯಿತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದೇ ಪ್ರಶ್ನೆ ಭಾರತದ ವಿಷಯದಲ್ಲಿ ಎದ್ದಿತು. ನಮ್ಮ ಪುರಾಣಗಳ ಬ್ರಹ್ಮನ ಹಗಲೊಂದಕ್ಕೆ ೪೩೨ ಕೋಟಿ ವರ್ಷ. ಕಲಿಯುಗದ ಆರಂಭವೇ ಕ್ರಿ. ಪೂ. ೩೧೦೨. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಜೋನ್ಸನು ೧೭೮೮ರಲ್ಲಿ ಹಿಂದೂಗಳ ಕಾಲಗಣನೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಮೊದಲನೆಯ ಮನುವನ್ನು ಆದಾಮನೊಡನೆಯೂ, ಪ್ರಳಯದಲ್ಲಿ ಉಳಿದ ಮನುವನ್ನು ನೋಹನೊಡನೆಯೂ ಸಮೀಕರಿಸಿ, ಯುಗಗಳ ಈ ವಿಸ್ತಾರವನ್ನೆಲ್ಲ ಮೋಶೆಯ ಕಾಲಮಾನದೊಳಕ್ಕೆ ಅಡಕಗೊಳಿಸಲು ಯತ್ನಿಸಿದನು. ಇದಕ್ಕೆ ವಿರುದ್ಧವಾಗಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಬೈಯಿ ೧೭೮೭ರಲ್ಲಿ, ಭಾರತೀಯರ ಗ್ರಹಗಣಿತ ಕಲಿಯುಗಾರಂಭದಲ್ಲಿ ಮಾಡಿದ ನೈಜ ವೀಕ್ಷಣೆಗಳನ್ನು ಆಧರಿಸಿದುದೆಂದು ವಾದಿಸಿದ್ದನು. ಬೈಯಿಯ ಪಕ್ಷವನ್ನು ೧೭೮೯ರಲ್ಲಿ ಎಡಿನ್‌ಬರೋ ನಗರದ ವಿದ್ವತ್ಸಭೆಯ ಮುಂದೆ ಸಮರ್ಥಿಸಿದವನು ಜಾನ್ ಪ್ಲೇಫೇರ್. ಈತನು ಗಣಿತದ ಪ್ರಾಧ್ಯಾಪಕನಾಗುವ ಮೊದಲು ಸ್ಕಾಟ್ಲೆಂಡಿನ ಚರ್ಚಿನಲ್ಲಿ ಪಾದ್ರಿಯಾಗಿದ್ದವನು.

ಕಲಿಯುಗದ ಆರಂಭಬಿಂದು ವೀಕ್ಷಣೆಯಿಂದ ದೊರೆತುದಲ್ಲ, ಮುಂದಿನ ಶತಮಾನಗಳ ಜ್ಯೋತಿಷಿಗಳು ಹಿಂದಕ್ಕೆ ಗುಣಿಸಿ ಪಡೆದುದು ಎಂಬುದು ಇಂದು ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. ಆದುದರಿಂದ ಪ್ಲೇಫೇರನ ಆ ವಾದ ನಿಲ್ಲಲಿಲ್ಲ. ಆದರೆ ಭಾರತದ ಪ್ರಾಚೀನತೆಯನ್ನು ಮೋಶೆಯ ಕಾಲಮಾನಕ್ಕೆ ಬಗ್ಗಿಸಲು ಒಪ್ಪದ ಈ ವ್ಯಕ್ತಿಯೇ ಮುಂದೆ ಭೂಮಿಯ ಪ್ರಾಚೀನತೆಯ ಪ್ರತಿಪಾದಕನೂ ಆದನೆಂಬುದು ಗಮನಾರ್ಹ.

೪

೧೭೮೮ರಲ್ಲಿ ಜೇಮ್ಸ್ ಹಟನ್ನನು ಪ್ಲೇಫೇರನನ್ನೂ ಸರ್ ಜೇಮ್ಸ್ ಹಾಲನನ್ನೂ ಕರೆದುಕೊಂಡು ಸ್ಕಾಟ್ಲೆಂಡಿನ ಪೂರ್ವತೀರದ ಸಿಕರ್ ಪಾಯಿಂಟ್ ಎಂಬಲ್ಲಿಗೆ ದೋಣಿಯಲ್ಲಿ ಹೋದನು. ಅಲ್ಲಿ ಬೂದುಬಣ್ಣದ ಶಿಲಾಸ್ತರಗಳು ಬಹುಮಟ್ಟಿಗೆ ನೆಟ್ಟಗೆ ನಿಂತಿವೆ. ಅವುಗಳ ಸವೆದ ತುದಿಗಳ ಮೇಲೆ ಕೆಂಪು ಮರಳುಗಲ್ಲಿನ ಸ್ತರಗಳು ಸ್ವಲ್ಪ ಓರೆಯಾಗಿ ಹಾಸಿಕೊಂಡಿವೆ. ಕೆಳಗಿನವು ಕಡಲತಳದಲ್ಲಿ ಕೆಸರಾಗಿ ಕೂಡಿ, ಗಟ್ಟಿಯಾಗಿ, ಮೇಲೆದ್ದು, ಸವೆದ ಅನಂತರವೇ ಮೇಲಿನವು ಕೂಡಿರಬೇಕು. ಇದಕ್ಕೆ ಬೇಕಾಗುವ ಕಾಲ ಅಷರನ ಲೆಕ್ಕದಲ್ಲಿ ಅಡಗುವಂತಿರಲಿಲ್ಲ. ಐರ್ಲೆಂಡಿನ ರಿಚರ್ಡ್ ಕರ್ವನ್ ಮೊದಲಾದವರು ಹಟನ್ನನ ಸಿದ್ಧಾಂತ ನಾಸ್ತಿಕತೆಗೆ ದಾರಿಯೆಂದು ಖಂಡಿಸಿದರು. ೧೮೦೨ರಲ್ಲಿ ಹಟನ್ನನ ಸಿದ್ಧಾಂತವನ್ನು ವಿವರಿಸಿ ಬರೆದ ಪ್ಲೇಫೇರನು, ಮೋಶೆಯ ಕಾಲಗಣನೆ ಮಾನವಕುಲಕ್ಕೆ ಸಂಬಂಧಿಸಿದುದು, ಭೂಗೋಲದ ವಯಸ್ಸಿಗೆ ಅಲ್ಲ ಎಂದು ಉತ್ತರಿಸಿದನು. ಸ್ಕಾಟ್ಲೆಂಡಿನ ಪ್ರಸಿದ್ಧ ಧರ್ಮೋಪದೇಶಕ ತಾಮಸ್ ಚಾಮರ್ಸನು ೧೮೧೪ರಲ್ಲಿ ಇದಕ್ಕೆ ಒಂದು ಖಚಿತವಾದ ರೂಪ ಕೊಟ್ಟನು. ಆದಿಕಾಂಡದ ಮೊದಲನೆಯ ವಾಕ್ಯದಲ್ಲಿ ಹೇಳಿದ ಸೃಷ್ಟಿಗೂ ಮುಂದೆ ಬರುವ ಆರು ದಿನಗಳ ಕಾರ್ಯಕ್ಕೂ ನಡುವೆ ಎಷ್ಟು ಕಾಲ ಕಳೆಯಿತೆಂದು ಗ್ರಂಥ ಹೇಳುವುದಿಲ್ಲ. ಭೂಗರ್ಭಶಾಸ್ತ್ರಕ್ಕೆ ಬೇಕಾದ ಕಾಲವೆಲ್ಲ ಅಲ್ಲಿ ಸೇರಬಹುದು ಎಂಬುದು ಆತನ ಮತ. ಇದನ್ನು ನಾವು ಅಂತರಾಳವಾದವೆಂದು ಕರೆಯಬಹುದು.

ಆಕ್ಸ್‌ಫರ್ಡಿನ ಪಾದ್ರಿ ವಿಲಿಯಂ ಬಕ್‌ಲಂಡನು ಈ ವಾದವನ್ನು ಒಪ್ಪಿದನಲ್ಲದೆ, ನೋಹನ ಕಾಲದ ಪ್ರಳಯದ ಗುರುತುಗಳನ್ನೂ ಭೂಮಿಯ ಮೇಲೆ ತೋರಿಸಬಹುದೆಂದು ನಂಬಿದನು. ೧೮೨೧ರಲ್ಲಿ ಯಾರ್ಕ್‌ಷೈರಿನ ಕರ್ಕ್‌ಡೇಲ್ ಗವಿಯಲ್ಲಿ ಕತ್ತೆಕಿರುಬ, ಆನೆ, ಖಡ್ಗಮೃಗ, ನೀರ್ಗುದುರೆಗಳ ಮೂಳೆಗಳು ದೊರೆತುವು. ಅವು ಪ್ರಳಯದ ನೀರಿನಲ್ಲಿ ದೂರದೇಶದಿಂದ ತೇಲಿಬಂದುವೆಂದು ಹೇಳುವುದು ಸುಲಭವಾಗಿತ್ತು. ಬಕ್‌ಲಂಡನು ಹಾಗೆ ಹೇಳಲಿಲ್ಲ. ಜೀವಂತವಾದ ಕತ್ತೆಕಿರುಬಕ್ಕೆ ಮೂಳೆಗಳನ್ನು ತಿನ್ನಲು ಕೊಟ್ಟು, ಅದು ಉಳಿಸಿದ ಚೂರುಗಳ ಮೇಲಿನ ಹಲ್ಲಿನ ಗುರುತುಗಳನ್ನು ಗವಿಯ ಮೂಳೆಗಳೊಡನೆ ಹೋಲಿಸಿ ನೋಡಿದನು. ಎರಡೂ ಒಂದೇ ಬಗೆಯಾಗಿದ್ದುವು. ಗವಿ ಕತ್ತೆಕಿರುಬಗಳ ಬೀಡಾಗಿತ್ತೆಂದೂ, ಉಳಿದ ಪ್ರಾಣಿಗಳು ಅವುಗಳ ಆಹಾರವೆಂದೂ ತೀರ್ಮಾನಿಸಿದನು. ಮೂಳೆಗಳನ್ನು ಮುಚ್ಚಿದ್ದ ಕೆಸರನ್ನು ಮಾತ್ರ ಪ್ರಳಯದ ಕಾರ್ಯವೆಂದು ೧೮೨೩ರ ತನ್ನ ಗ್ರಂಥದಲ್ಲಿ ಬರೆದನು.

ಈ ಪ್ರಳಯವಾದವನ್ನು ಮೊದಲು ಬಲವಾಗಿ ಆಕ್ಷೇಪಿಸಿದವರಲ್ಲಿ ಒಬ್ಬನು ಇನ್ನೊಬ್ಬ ಪಾದ್ರಿಯೇ. ಸ್ಕಾಟ್ಲೆಂಡಿನ ಜಾನ್ ಫ್ಲೆಮಿಂಗನು ೧೮೨೬ರಲ್ಲಿ, ಬಕ್‌ಲಂಡನು ವರ್ಣಿಸುವ ರಭಸದ ಪ್ರಳಯ ಪ್ರಕೃತಿಯ ಸಾಕ್ಷ್ಯಕ್ಕೆ ಹೇಗೋ ಹಾಗೆಯೇ ಮೋಶೆಯ ಸಾಕ್ಷ್ಯಕ್ಕೂ ವಿರುದ್ಧವೆಂದು ತೋರಿಸಿದನು. ಎಲಿಯ ಮರದ ಎಲೆಯನ್ನು ಪಾರಿವಾಳ ತಂದಿತೆಂದರೆ ಗಿಡಮರಗಳನ್ನೂ ಮಣ್ಣನ್ನೂ ಕೊಚ್ಚಿಕೊಂಡು ಹೋಗುವಂಥ ಪ್ರವಾಹ ಅದಾಗಿರಲಾರದಷ್ಟೆ.

ಇಲ್ಲಿಂದ ಮುಂದಿನ ಘಟನೆ ಈ ಚರಿತ್ರೆಯಲ್ಲಿ ಅತ್ಯಂತ ಮಹತ್ವದ್ದೆಂದು ನಮ್ಮ ಭಾವನೆ. ಕೇಂಬ್ರಿಜಿನ ಭೂಗರ್ಭಶಾಸ್ತ್ರ ಪ್ರಾಧ್ಯಾಪಕನೂ ಪಾದ್ರಿಯೂ ಆದ ಆಡಂ ಸೆಜ್ವಿಕನು ಬಕ್‌ಲಂಡನ ಪ್ರಳಯವಾದವನ್ನು ಒಪ್ಪಿ ಪ್ರಚಾರ ಮಾಡಿದ್ದವನು. ೧೮೩೧ರ ಫೆಬ್ರವರಿಯಲ್ಲಿ ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದ ಅಧ್ಯಕ್ಷಪದವಿಯಿಂದ ಇಳಿಯುವಾಗ ಆತನು ತನ್ನ ಹಿಂದಿನ ಮತವನ್ನು ಬಹಿರಂಗವಾಗಿ ಹಿಂತೆಗೆದುಕೊಂಡನು. ಬೇರೆ ಬೇರೆ ಕಾಲದ ಜಲ್ಲಿ ಮಣ್ಣುಗಳನ್ನೆಲ್ಲ ಒಂದೇ ಪ್ರಳಯದ ಲೆಕ್ಕಕ್ಕೆ ಹಾಕಿದುದು ಆತುರದ ತಪ್ಪೆಂದೂ, ಆ ನಿಕ್ಷೇಪಗಳಲ್ಲಿ ಮನುಷ್ಯನ ಕುರುಹು ಕಾಣದಿರುವಾಗ ಅವನ್ನು ನೋಹನ ಕಾಲಕ್ಕೆ ಸೇರಿಸಲು ಆಧಾರವಿಲ್ಲವೆಂದೂ ಒಪ್ಪಿಕೊಂಡನು. ಬಕ್‌ಲಂಡನೂ ೧೮೩೬ರ ತನ್ನ ಗ್ರಂಥದಲ್ಲಿ ಪ್ರಳಯವಾದವನ್ನು ಕೈಬಿಟ್ಟನು. ಆ ಗ್ರಂಥದಲ್ಲಿ ಅಂತರಾಳವಾದಕ್ಕೆ ಹೀಬ್ರೂ ಭಾಷೆಯ ದೃಷ್ಟಿಯಿಂದ ಸಮರ್ಥನೆಯ ಟಿಪ್ಪಣಿ ಬರೆದುಕೊಟ್ಟವನು ಆಕ್ಸ್‌ಫರ್ಡಿನ ಹೀಬ್ರೂ ಪ್ರಾಧ್ಯಾಪಕ ಎಡ್ವರ್ಡ್ ಪ್ಯೂಸಿ. ಸಂಪ್ರದಾಯನಿಷ್ಠೆಗೆ ಪ್ಯೂಸಿಗಿಂತ ಹೆಸರಾದವರು ಆ ವಿಶ್ವವಿದ್ಯಾನಿಲಯದಲ್ಲಿ ವಿರಳ.

೫

ಎಲ್ಲರೂ ಈ ಮಾರ್ಗವನ್ನು ಒಪ್ಪಲಿಲ್ಲ. ಗ್ರಾನ್ವಿಲ್ ಪೆನ್, ಜಾರ್ಜ್ ಬಗ್, ಜಾರ್ಜ್ ಯಂಗ್ ಮುಂತಾದವರು ಆರು ದಿನಗಳನ್ನೂ ಪ್ರಳಯವನ್ನೂ ಅಕ್ಷರಶಃ ಗ್ರಹಿಸಬೇಕೆಂದು ಗ್ರಂಥಗಳನ್ನು ಬರೆದರು. ೧೮೪೪ರಲ್ಲಿ ಯಾರ್ಕ್ ನಗರದಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಅಧಿವೇಶನ ಸೇರಿದಾಗ ಅಲ್ಲಿಯ ಕ್ಯಾಥೆಡ್ರಲಿನ ಡೀನ್ ವಿಲಿಯಂ ಕಾಬರ್ನನು ಬಕ್‌ಲಂಡನ ಗ್ರಂಥವನ್ನು ಖಂಡಿಸಿ ಪ್ರಬಂಧವನ್ನೋದಿದನು. ಅದಕ್ಕೆ ಸಭೆಯಲ್ಲಿ ಉತ್ತರ ಕೊಟ್ಟವನು ಸೆಜ್ವಿಕ್. ಡೀನನು ಕ್ಯಾಥೆಡ್ರಲಿನ ಮುಖ್ಯಸ್ಥ. ಸೆಜ್ವಿಕನು ನಾರಿಚ್ ಕ್ಯಾಥೆಡ್ರಲಿನ ಕ್ಯಾನನ್. ಒಂದೇ ಚರ್ಚಿನ, ಒಂದೇ ಪ್ರಾರ್ಥನಾಗ್ರಂಥದ ಇಬ್ಬರು ಪಾದ್ರಿಗಳು ಪರಸ್ಪರ ಎದುರಾಗಿ ನಿಂತ ಆ ದೃಶ್ಯ ಎರಡು ಪಕ್ಷಗಳ ಜನಪ್ರಿಯ ಕಲ್ಪನೆಯನ್ನು ಒಡೆಯಲು ಸಾಕು. ಕಾಬರ್ನನ ಭಯವೂ ನಿರಾಧಾರವೆನ್ನುವಂತಿಲ್ಲ. ಮೊದಲ ಅಧ್ಯಾಯದ ಅರ್ಥವನ್ನು ಪ್ರತಿ ಹೊಸ ಶೋಧನೆಗೂ ಬದಲಿಸುತ್ತ ಹೋದರೆ ಸಾಮಾನ್ಯ ಭಕ್ತನು ಕೊನೆಗೆ ಯಾವುದನ್ನು ನೆಚ್ಚಬೇಕೆಂಬುದು ಅಂಥವರನ್ನು ಬಾಧಿಸಿದ ಪ್ರಶ್ನೆ. ಅವರ ಭೂಗರ್ಭಶಾಸ್ತ್ರ ಸೋತಿತು. ಪ್ರಶ್ನೆ ಮಾತ್ರ ಉಳಿಯಿತು.

ಈ ಪ್ರಶ್ನೆಗೆ ಉತ್ತರಿಸಲು ಹೆಣಗಿದವರಲ್ಲಿ ಹ್ಯೂ ಮಿಲ್ಲರನು ಮುಖ್ಯನು. ಸ್ಕಾಟ್ಲೆಂಡಿನ ಕ್ರಾಮರ್ಟಿಯಲ್ಲಿ ೧೮೦೨ರಲ್ಲಿ ಹುಟ್ಟಿ, ಕಲ್ಲುಕುಟಿಗನಾಗಿ ಕೆಲಸ ಮಾಡಿ, ಕಲ್ಲಿನಲ್ಲಿ ಕಂಡ ಪ್ರಾಚೀನ ಮೀನುಗಳ ಪಳೆಯುಳಿಕೆಗಳಿಂದ ಭೂಗರ್ಭಶಾಸ್ತ್ರ ಕಲಿತವನು. ಅನಂತರ ಧರ್ಮಪತ್ರಿಕೆಯೊಂದರ ಸಂಪಾದಕನಾದವನು. ಆತನಿಗೆ ಅಂತರಾಳವಾದ ತೃಪ್ತಿ ಕೊಡಲಿಲ್ಲ. ಹಳೆಯ ಜೀವರಾಶಿಗೂ ಇಂದಿನ ಜೀವರಾಶಿಗೂ ನಡುವೆ ಎಲ್ಲವೂ ನಾಶವಾದ ಒಂದು ವಿಚ್ಛೇದವನ್ನು ಆ ವಾದ ಬಯಸುತ್ತದೆ. ಶಿಲೆಗಳಲ್ಲಿ ಅಂಥ ವಿಚ್ಛೇದ ಕಾಣಲಿಲ್ಲ. ಆದುದರಿಂದ ಆರು ದಿನಗಳೆಂದರೆ ಆರು ದೀರ್ಘಯುಗಗಳೆಂಬ ವಾದವನ್ನು ಆತನು ಸ್ವೀಕರಿಸಿದನು. ಕಲ್ಲಿದ್ದಲಿನ ಕಾಲದ ಸಸ್ಯಸಮೃದ್ಧಿಯನ್ನು ಮೂರನೆಯ ದಿನಕ್ಕೂ, ಮಹಾಸರೀಸೃಪಗಳ ಕಾಲವನ್ನು ಐದನೆಯ ದಿನಕ್ಕೂ, ಸ್ತನ್ಯಪ್ರಾಣಿಗಳ ಕಾಲವನ್ನು ಆರನೆಯ ದಿನಕ್ಕೂ ಹೊಂದಿಸಿದನು. ಪ್ರಳಯವು ಭೂಮಿಯ ಒಂದು ಭಾಗಕ್ಕೆ ಮಾತ್ರ ಸೀಮಿತವಾದುದೆಂದು ವಾದಿಸಿದನು. ಈ ವಿಚಾರಗಳ ಗ್ರಂಥ ಅಚ್ಚಿನಲ್ಲಿದ್ದಾಗ, ೧೮೫೬ರ ಡಿಸೆಂಬರಿನಲ್ಲಿ, ಮನೋವ್ಯಾಧಿಗೆ ತುತ್ತಾಗಿ ಆತನು ಆತ್ಮಹತ್ಯೆ ಮಾಡಿಕೊಂಡನು. ಧರ್ಮ ವಿಜ್ಞಾನಗಳ ತಿಕ್ಕಾಟವೇ ಆತನನ್ನು ಬಲಿ ತೆಗೆದುಕೊಂಡಿತೆಂದು ಹೇಳುವವರುಂಟು. ೧೮೫೭ರಲ್ಲಿ ಪ್ರಕಟವಾದ ಆ ಗ್ರಂಥವನ್ನು ಓದಿದವರಿಗೆ ಅಂಥ ತಿಕ್ಕಾಟ ಕಾಣುವುದಿಲ್ಲ. ಎರಡೂ ಒಬ್ಬನೇ ಕರ್ತನ ಗ್ರಂಥಗಳೆಂಬ ದೃಢವಾದ ನಂಬಿಕೆಯೇ ಅಲ್ಲಿ ಕಾಣುತ್ತದೆ.

೬

ಅದೇ ೧೮೫೭ರಲ್ಲಿ ಇನ್ನೊಂದು ವಿಲಕ್ಷಣವಾದ ಸಮಾಧಾನವೂ ಹೊರಬಂದಿತು. ಕಡಲಿನ ಜೀವಿಗಳನ್ನು ಕುರಿತ ಬರಹಗಳಿಂದ ಪ್ರಸಿದ್ಧನಾಗಿದ್ದ ಫಿಲಿಪ್ ಗಾಸ್ ಎಂಬ ಭಕ್ತನು, ಸೃಷ್ಟಿಯಾದ ಕ್ಷಣದಲ್ಲಿಯೇ ಪ್ರತಿಯೊಂದು ವಸ್ತುವೂ ತನಗೆ ಒಂದು ಪೂರ್ವಚರಿತ್ರೆ ಇದ್ದಂತೆ ತೋರಲೇಬೇಕೆಂದು ವಾದಿಸಿದನು. ಆದಾಮನು ತಾಯಿಯ ಗರ್ಭದಲ್ಲಿ ಬೆಳೆದವನಲ್ಲ, ಆದರೂ ಅವನಿಗೆ ಹೊಕ್ಕುಳಿತ್ತು. ಏದೆನಿನ ಮರಗಳ ಕಾಂಡದಲ್ಲಿ ವರ್ಷವರ್ಷದ ಬಳೆಗಳಿದ್ದುವು. ಹಾಗೆಯೇ ಹೊಸದಾಗಿ ಸೃಷ್ಟವಾದ ಭೂಮಿಯಲ್ಲಿ ಪಳೆಯುಳಿಕೆಗಳೂ ಇದ್ದುವು. ತರ್ಕದಿಂದ ಇದನ್ನು ಖಂಡಿಸುವುದು ಅಸಾಧ್ಯ. ಆದರೆ ಗಾಸನ ಮಿತ್ರನೂ ಪಾದ್ರಿಯೂ ಆದ ಚಾರಲ್ಸ್ ಕಿಂಗ್ಸ್‌ಲಿ ಆ ಗ್ರಂಥವನ್ನು ವಿಮರ್ಶಿಸಲು ನಿರಾಕರಿಸಿ, ದೇವರು ಶಿಲೆಗಳ ಮೇಲೆ ಒಂದು ದೊಡ್ಡ ಸುಳ್ಳನ್ನು ಬರೆದಿಟ್ಟನೆಂದು ತಾನು ನಂಬಲಾರೆನೆಂದು ಗಾಸನಿಗೆ ತಿಳಿಸಿದನು. ಈ ಆಕ್ಷೇಪ ಭೂಗರ್ಭಶಾಸ್ತ್ರದ್ದಲ್ಲ. ದೇವರ ಸತ್ಯಶೀಲತೆಯನ್ನು ಆಧರಿಸಿದ ಶುದ್ಧ ಧರ್ಮಶಾಸ್ತ್ರದ ಆಕ್ಷೇಪ.

೧೮೬೦ರಲ್ಲಿ ಏಳು ಮಂದಿ ಲೇಖಕರ ಪ್ರಬಂಧಸಂಕಲನವೊಂದು ಇಂಗ್ಲೆಂಡಿನ ಚರ್ಚನ್ನು ಕಲಕಿತು. ಅವರಲ್ಲಿ ಪಾದ್ರಿಯಲ್ಲದವನು ಚಾರಲ್ಸ್ ಗುಡ್ವಿನ್ ಒಬ್ಬನೇ. ಭೂಮಿಯ ವಯಸ್ಸಿನ ಪ್ರಶ್ನೆಯನ್ನು ಎತ್ತಿಕೊಂಡವನೂ ಅವನೇ. ಬಕ್‌ಲಂಡನ ಅಂತರಾಳವಾದವನ್ನು ಒಪ್ಪಿದರೆ ಮಿಲ್ಲರನ ಯುಗವಾದ ತಪ್ಪಾಗುತ್ತದೆ, ಮಿಲ್ಲರನನ್ನು ಒಪ್ಪಿದರೆ ಬಕ್‌ಲಂಡನು ತಪ್ಪುತ್ತಾನೆ. ಎರಡೂ ಮೂಲದ ಸರಳಾರ್ಥವನ್ನು ಹಿಂಸಿಸುತ್ತವೆ ಎಂದು ತೋರಿಸಿ, ಆದಿಕಾಂಡದ ವರ್ಣನೆ ಪ್ರಾಚೀನ ಹೀಬ್ರೂ ಚಿಂತಕನೊಬ್ಬನ ವಿಶ್ವಕಲ್ಪನೆಯೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಮಾರ್ಗವೆಂದು ಆತನು ಹೇಳಿದನು. ಮೂಲದ ಸರಳಾರ್ಥದ ವಿಷಯದಲ್ಲಿ ಗುಡ್ವಿನ್ನನೂ ಕಾಬರ್ನನೂ ಒಂದೇ ಕಡೆ ನಿಲ್ಲುತ್ತಾರೆಂಬುದು ವಿಚಿತ್ರವಾದರೂ ನಿಜ. ಸಂಕಲನದ ಇಬ್ಬರು ಪಾದ್ರಿ ಲೇಖಕರು ಇತರ ವಿಷಯಗಳಿಗಾಗಿ ಚರ್ಚಿನ ನ್ಯಾಯಾಲಯದಲ್ಲಿ ೧೮೬೨ರಲ್ಲಿ ದೋಷಿಗಳೆನಿಸಿದರು. ಆ ತೀರ್ಪನ್ನು ೧೮೬೪ರಲ್ಲಿ ಪ್ರಿವಿ ಕೌನ್ಸಿಲ್ ತಳ್ಳಿಹಾಕಿತು.

ವಂಶಾವಳಿಗಳ ಪ್ರಶ್ನೆಯನ್ನು ಬಗೆಹರಿಸಿದ ಕೀರ್ತಿ ಅಮೆರಿಕದ ಪ್ರಿನ್ಸ್‌ಟನ್ನಿನ ವಿಲಿಯಂ ಹೆನ್ರಿ ಗ್ರೀನನಿಗೆ ಸಲ್ಲತಕ್ಕುದು. ಈತನು ಬೈಬಲಿನ ಆಧುನಿಕ ವಿಮರ್ಶೆಯನ್ನು ಜೀವಮಾನವಿಡೀ ವಿರೋಧಿಸಿದ ಸಂಪ್ರದಾಯವಾದಿ. ೧೮೯೦ರಲ್ಲಿ ಆತನು, ಬೈಬಲಿನ ವಂಶಾವಳಿಗಳು ತಲೆಮಾರುಗಳನ್ನು ಬಿಟ್ಟುಬಿಡುವುದು ಸಾಮಾನ್ಯವೆಂದು ಬೈಬಲಿನಿಂದಲೇ ಸಾಧಿಸಿದನು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೋರಾಮನಿಗೂ ಉಜ್ಜೀಯನಿಗೂ ನಡುವೆ ಮೂವರು ಅರಸರ ಹೆಸರುಗಳಿಲ್ಲ. ಹೀಬ್ರೂ ಭಾಷೆಯಲ್ಲಿ ಮಗನೆಂದರೆ ವಂಶಜನೆಂದೂ ಅರ್ಥವಾಗಬಹುದು. ಹೀಗಿರುವಾಗ ಆದಿಕಾಂಡದ ಸಂಖ್ಯೆಗಳನ್ನು ಕೂಡಿಸಿ ಲೋಕದ ವಯಸ್ಸನ್ನು ಪಡೆಯುವುದು ಗ್ರಂಥದ ಉದ್ದೇಶಕ್ಕೆ ಹೊರತಾದ ಕಾರ್ಯ. ಅಷರನ ಲೆಕ್ಕವನ್ನು ಹೀಗೆ ತಳದಿಂದ ಸಡಿಲಿಸಿದುದು ಶಿಲೆಯಲ್ಲ, ಗ್ರಂಥದ ಸೂಕ್ಷ್ಮಪಠನ.

೭

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೮೬೨ರಲ್ಲಿ ಲಾರ್ಡ್ ಕೆಲ್ವಿನ್ನನು ಭೂಮಿ ತಣ್ಣಗಾಗುವ ಗತಿಯಿಂದ ಅದರ ವಯಸ್ಸನ್ನು ಎರಡು ಕೋಟಿಯಿಂದ ನಲವತ್ತು ಕೋಟಿ ವರ್ಷಗಳೊಳಗೆ ಎಣಿಸಿದ್ದನು. ರೇಡಿಯೊ ವಿಕಿರಣಶೀಲತೆಯ ಶೋಧನೆಯ ಮೇಲೆ ಈ ಮಿತಿ ಬಿದ್ದುಹೋಯಿತು. ೧೯೫೬ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸವನ್ನು ಪರೀಕ್ಷಿಸಿ ೪೫೫ ಕೋಟಿ ವರ್ಷಗಳೆಂದು ನಿರ್ಣಯಿಸಿದರು. ಇಂದಿಗೂ ಅಂಗೀಕೃತವಾದ ಸಂಖ್ಯೆ ಇದಕ್ಕೆ ಅತಿ ಸಮೀಪದ್ದು.

ಇದೇ ಶತಮಾನದಲ್ಲಿ ಹಳೆಯ ಪ್ರಳಯವಾದ ಅಮೆರಿಕದಲ್ಲಿ ಪುನಃ ತಲೆಯೆತ್ತಿತು. ೧೯೨೩ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮೆಕ್ರೀಡಿ ಪ್ರೈಸ್ ಎಲ್ಲ ಶಿಲಾಸ್ತರಗಳೂ ನೋಹನ ಪ್ರಳಯದ ಕಾರ್ಯವೆಂದು ಬರೆದರು. ಆಗ ಇದನ್ನು ಒಪ್ಪಿದವರು ಕಡಮೆ. ೧೯೨೫ರಲ್ಲಿ ಟೆನೆಸಿಯ ಡೇಟನ್ನಿನಲ್ಲಿ ನಡೆದ ಮೊಕದ್ದಮೆಯಲ್ಲಿ ವಿಕಾಸವಾದದ ಮಹಾವಿರೋಧಿ ವಿಲಿಯಂ ಜೆನಿಂಗ್ಸ್ ಬ್ರಯನ್ ಅವರೇ ಸೃಷ್ಟಿಯ ದಿನಗಳು ದೀರ್ಘಾವಧಿಗಳಾಗಿರಬಹುದೆಂದು ಒಪ್ಪಿದರು. ೧೯೬೧ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಪ್ರಕಟಿಸಿದ ಗ್ರಂಥದಿಂದ ಈ ಮತ ವಿಶಾಲವಾದ ಚಳವಳಿಯಾಗಿ ಬೆಳೆಯಿತು. ಆಗಲೂ ಎದುರುವಾದಿಗಳಲ್ಲಿ ಕ್ರೈಸ್ತರಿದ್ದರು. ಶಾಲೆಗಳಲ್ಲಿ ಈ ಮತಕ್ಕೆ ಸಮಾನಸ್ಥಾನ ಕೊಟ್ಟಿದ್ದ ಆರ್ಕನ್ಸಾ ಸಂಸ್ಥಾನದ ಶಾಸನವನ್ನು ೧೯೮೨ರ ತೀರ್ಪು ರದ್ದುಗೊಳಿಸಿತು. ಆ ಮೊಕದ್ದಮೆಯನ್ನು ಹೂಡಿದವರಲ್ಲಿ ಮೆಥಡಿಸ್ಟ್, ಎಪಿಸ್ಕೋಪಲ್ ಮತ್ತು ಕ್ಯಾಥೊಲಿಕ್ ಬಿಷಪ್ಪರುಗಳಿದ್ದರು.

ಮೇಲಿನ ಸಮೀಕ್ಷೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಆರು ಸಾವಿರ ವರ್ಷಗಳೆಂಬುದು ಕ್ರೈಸ್ತಧರ್ಮದ ಮೂಲಸೂತ್ರವಾಗಿರಲಿಲ್ಲ. ವಿದ್ವಾಂಸರು ಕಟ್ಟಿದ ಲೆಕ್ಕವಾಗಿದ್ದು, ವಿದ್ವಾಂಸರಿಂದಲೇ ಕೆಡವಲ್ಪಟ್ಟಿತು. ಭೂಮಿಯ ಪ್ರಾಚೀನತೆಯನ್ನು ಒಪ್ಪಿದವರೆಲ್ಲರೂ ಶ್ರದ್ಧೆಯನ್ನು ತೊರೆದವರಲ್ಲ, ವಿರೋಧಿಸಿದವರೆಲ್ಲರೂ ಅಜ್ಞಾನಿಗಳಲ್ಲ. ಆದರೂ ಈ ಇಬ್ಬರನ್ನೂ ಸಮವಾಗಿ ತೂಗುವುದು ಚರಿತ್ರಕಾರನಿಗೆ ಸಾಧ್ಯವಿಲ್ಲ. ತನ್ನ ನಂಬಿಕೆಯ ಒಂದು ಭಾಗವನ್ನು ಸಾಕ್ಷ್ಯದ ಮುಂದಿಟ್ಟು, ಅದು ನಿಲ್ಲದೆ ಹೋದಾಗ ತುಂಬಿದ ಸಭೆಯಲ್ಲಿ ತಾನು ತಪ್ಪಿದೆನೆಂದು ಹೇಳಿ, ಮರುದಿನವೂ ಪ್ರಾರ್ಥನಾಮಂದಿರಕ್ಕೆ ಹೋಗಲು ಅಳುಕದ ಸೆಜ್ವಿಕನಂಥವರಿಂದ ವಿಜ್ಞಾನಕ್ಕೆ ಎಷ್ಟು ಉಪಕಾರವಾಯಿತೋ ಅವರ ಧರ್ಮಕ್ಕೂ ಅಷ್ಟೇ ಉಪಕಾರವಾಯಿತೆಂದು ನಾವು ಭಾವಿಸುತ್ತೇವೆ.